ಕುಡಿತಕ್ಕೆ ಒಂದು ವೇಗ, ಮಾತ್ರೆಗೆ ಇನ್ನೊಂದು

ಕುಡಿತ ಬಿಡಲು ಹೊರಟವರಿಗೆ ಎಲ್ಲ ಕಡೆಯೂ ಹೇಳಿಕೊಡುವ ಪಾಠ ಒಂದೇ: ಬಿಟ್ಟರೆ ಪೂರ್ತಿ ಬಿಡಬೇಕು. ಹಬ್ಬಕ್ಕೊಮ್ಮೆ, ಮದುವೆ ಮನೆಯಲ್ಲೊಮ್ಮೆ, ಒಂದೇ ಒಂದು ಪೆಗ್ಗು ಎಂಬ ಲೆಕ್ಕಾಚಾರಗಳೆಲ್ಲ ಕೊನೆಗೆ ಹಳೆಯ ಜಾಗಕ್ಕೇ ತಂದು ನಿಲ್ಲಿಸುತ್ತವೆ ಎಂಬ ಮಾತು ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲೂ ಕೇಳುತ್ತದೆ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲೂ ಕೇಳುತ್ತದೆ. ಕುಡಿತಕ್ಕೆ ಪೂರ್ತಿ ಅಡಿಯಾಳಾದವರ ಮಟ್ಟಿಗೆ ಅದು ಸರಿಯಾದ ಮಾತು. ಆದರೆ ಹೀಗೆ ಬಿಟ್ಟವರಲ್ಲಿ ಅನೇಕರ ಜೇಬಿನಲ್ಲಿ ಇನ್ನೊಂದು ವಸ್ತುವೂ ಇರುತ್ತದೆ: ಖಿನ್ನತೆಗೆಂದು ಡಾಕ್ಟರು ಬರೆದುಕೊಟ್ಟ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್ ಅಥವಾ ವೆನ್ಲಾಫ್ಯಾಕ್ಸಿನ್ ಮಾತ್ರೆಯ ಸ್ಟ್ರಿಪ್. ಗೆದ್ದ ಹುರುಪಿನಲ್ಲಿ ಅವರು ಅದೇ ಪಾಠವನ್ನು ಈ ಸ್ಟ್ರಿಪ್ಪಿಗೂ ಅನ್ವಯಿಸುತ್ತಾರೆ. ಬಾಟಲಿಯನ್ನೇ ಬಿಟ್ಟವನಿಗೆ ಮಾತ್ರೆ ಯಾವ ಲೆಕ್ಕ ಎಂದು ಒಂದು ಬೆಳಿಗ್ಗೆ ಅದನ್ನೂ ನಿಲ್ಲಿಸುತ್ತಾರೆ. ಈ ಬರಹದ ವಾದ ಅದರ ವಿರುದ್ಧ. ಕುಡಿತಕ್ಕೆ ಹೊಂದುವ ನಿಯಮ ಖಿನ್ನತೆಯ ಮಾತ್ರೆಗೆ ಹೊಂದುವುದಿಲ್ಲ. ಎರಡನ್ನೂ ಒಟ್ಟಿಗೆ ಬಿಡಬಾರದು. ಕುಡಿತ ನಿಂತ ಮೇಲೆ ಅದು ಗಟ್ಟಿಯಾಗಲು ಕಾಲ ಕೊಡಬೇಕು. ಮಾತ್ರೆ ಬಿಡಲೇಬೇಕೆಂದಿದ್ದರೆ ಅದು ತಿಂಗಳುಗಟ್ಟಲೆ, ಹಂತಹಂತವಾಗಿ, ಡಾಕ್ಟರ ಕಣ್ಗಾವಲಿನಲ್ಲಿ ಇಳಿಯಬೇಕು. ಈ ಕ್ರಮ ತಪ್ಪಿದಾಗ ಮಾತ್ರೆ ಬಿಟ್ಟ ಸಂಕಟವೇ ಮನುಷ್ಯನನ್ನು ಮತ್ತೆ ಬಾರಿನ ಬಾಗಿಲಿಗೆ ತಳ್ಳಬಲ್ಲದು. ಹಾಗಾದಾಗ ಎಲ್ಲರೂ ದೂರುವುದು ಅವನ ಮನೋಬಲವನ್ನು. ಮಾತ್ರೆ ನಿಂತ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ.

ನಮ್ಮಲ್ಲಿ ಮಾತ್ರೆ ಥಟ್ಟನೆ ನಿಲ್ಲಲು ರೋಗಿಯ ಹುರುಪೊಂದೇ ಕಾರಣವಲ್ಲ. ಮನೆಯವರಿಗೆ ಈ ಮಾತ್ರೆಗಳೆಲ್ಲ ನಿದ್ದೆ ಮಾತ್ರೆ, ನರದ ಮಾತ್ರೆ, ತಲೆಗೆ ಕೊಟ್ಟ ಮಾತ್ರೆ. ಒಂದು ಚಟ ಹೋಗಿ ಇನ್ನೊಂದು ಚಟ ಬಂತೆಂಬ ಭಯ ಅವರಿಗೆ. ಇನ್ನು ಕೆಲವರಿಗೆ ಒಂದು ತಿಂಗಳಿಗೆ ಬರೆದ ಚೀಟಿ ಮುಗಿದಾಗ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ, ಬಸ್ಸಿನ ಖರ್ಚು ಅಡ್ಡ ಬರುತ್ತದೆ. ತೀರ್ಥಯಾತ್ರೆಗೆ ಹೊರಟಾಗ ಮಾತ್ರೆ ಮನೆಯಲ್ಲೇ ಉಳಿಯುತ್ತದೆ. ದೇಶದ ಚಿತ್ರವನ್ನು ನೋಡಿದರೆ ಇದರ ಅಗಲ ಗೊತ್ತಾಗುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತದ ಸಮಸ್ಯೆಗೆ ನೆರವು ಬೇಕಾದವರು ಸುಮಾರು 5.7 ಕೋಟಿ. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಖಿನ್ನತೆ ಇದ್ದವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆ ಮುಟ್ಟಿರಲಿಲ್ಲ. ಚಿಕಿತ್ಸೆ ಸಿಗುವುದೇ ಇಷ್ಟು ದುರ್ಲಭವಾಗಿರುವಲ್ಲಿ ಅದನ್ನು ಕ್ರಮವಾಗಿ ಮುಗಿಸುವುದು ಹೇಗೆಂದು ಹೇಳಿಕೊಡಲು ಯಾರಿಗೂ ಪುರಸೊತ್ತಿಲ್ಲ. ಶುರು ಮಾಡುವಾಗ ಚೀಟಿ ಇರುತ್ತದೆ, ನಿಲ್ಲಿಸುವಾಗ ಇರುವುದಿಲ್ಲ.

ಎರಡು ಬಿಡುವಿಕೆಗಳಲ್ಲಿ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಬೇರೆಬೇರೆಯಾಗಿ ನೋಡಬೇಕು. ಮದ್ಯ ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ಕೆಲಸವನ್ನು ಅದುಮುತ್ತದೆ. ವರ್ಷಗಟ್ಟಲೆ ಕುಡಿದಾಗ ಮಿದುಳು ಇದಕ್ಕೆ ಎದುರಾಗಿ ತನ್ನನ್ನು ತಾನೇ ಏರಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತಾಗ ಆ ಏರಿದ ಸ್ಥಿತಿ ಹಾಗೇ ಉಳಿಯುತ್ತದೆ: ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು, ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್, ಎರಡರಿಂದ ನಾಲ್ಕು ದಿನಗಳ ನಡುವೆ ಇನ್ನು ಕೆಲವರಿಗೆ ಪ್ರಾಣಾಪಾಯದ ಸನ್ನಿ. ಆದ್ದರಿಂದ ದಿನವೂ ವಿಪರೀತ ಕುಡಿಯುವವರು ಕುಡಿತವನ್ನು ಥಟ್ಟನೆ ನಿಲ್ಲಿಸುವುದೂ ವೈದ್ಯರ ಮೇಲ್ವಿಚಾರಣೆಯಲ್ಲೇ ಆಗಬೇಕು. ಆಗ ಕ್ಲೋರ್ಡಯಾಜೆಪಾಕ್ಸೈಡ್ ಅಥವಾ ಲೋರಾಜೆಪಾಮ್‌ನಂಥ ಔಷಧ ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತಾರೆ, ಥಯಾಮಿನ್ ಕೊಡುತ್ತಾರೆ. ಈ ತುರ್ತು ಹಂತ ಒಂದು ವಾರ, ಹತ್ತು ದಿನಗಳಲ್ಲಿ ದಾಟುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಹಗುರ ನಿದ್ದೆ, ಕಾರಣವಿಲ್ಲದ ಕಳವಳ, ಸಿಡುಕು, ಯಾವುದರಲ್ಲೂ ರುಚಿಯಿಲ್ಲದ ಮನಸ್ಸು ಇವೆಲ್ಲ ತಿಂಗಳುಗಟ್ಟಲೆ ಬಂದು ಹೋಗುತ್ತಿರುತ್ತವೆ. ಇನ್ನೂ ಒಂದು ಸಂಗತಿ ಮುಖ್ಯ. ಬಿಟ್ಟು ಮತ್ತೆ ಕುಡಿದು ಮತ್ತೆ ಬಿಟ್ಟಾಗ ಪ್ರತಿ ಸಲದ ಸಂಕಟವೂ ಹಿಂದಿನ ಸಲಕ್ಕಿಂತ ಕಠಿಣವಾಗುವ ಪ್ರವೃತ್ತಿ ಇದೆ. ಒಂದು ಜಾರುವಿಕೆಗೆ ತೆರುವ ಬೆಲೆ ಆ ರಾತ್ರಿಗೆ ಮುಗಿಯುವುದಿಲ್ಲ.

ಖಿನ್ನತೆಯ ಮಾತ್ರೆಯ ಕಥೆ ಬೇರೆ. ಇವುಗಳಲ್ಲಿ ಹೆಚ್ಚಿನವು ಸೆರೊಟೋನಿನ್ ಎಂಬ ರಾಸಾಯನಿಕ ನರಕೋಶದೊಳಗೆ ಮರಳಿ ಹೀರಿಹೋಗುವುದನ್ನು ತಡೆಯುತ್ತವೆ. ವಾರಗಳು, ತಿಂಗಳುಗಳು ಕಳೆದಂತೆ ಮಿದುಳು ಆ ಹೊಸ ಮಟ್ಟಕ್ಕೆ ತನ್ನ ವ್ಯವಸ್ಥೆಯನ್ನು ಹೊಂದಿಸಿಕೊಳ್ಳುತ್ತದೆ. ಮಾತ್ರೆ ನಿಂತರೆ ಔಷಧ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ, ಆದರೆ ಹೊಂದಾಣಿಕೆ ಕಳಚಲು ಬಹಳ ಹೆಚ್ಚು ಕಾಲ ಬೇಕು. ಆ ನಡುವಿನ ಅಂತರದಲ್ಲಿ ಹುಟ್ಟುವುದೇ ವಿತ್‌ಡ್ರಾವಲ್: ತಲೆಸುತ್ತು, ವಾಕರಿಕೆ, ಫ್ಲೂ ಬಂದಂತೆ ಮೈಕೈ ನೋವು, ಕಣ್ಣು ಹೊರಳಿಸಿದಾಗ ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ, ಎದ್ದ ಮೇಲೂ ಬಿಡದ ಎದ್ದುಕಾಣುವ ಕನಸುಗಳು, ಕಾರಣವಿಲ್ಲದೆ ಉಕ್ಕುವ ಅಳು, ಚಡಪಡಿಕೆ. ಇದು ಹೊಸ ಶೋಧವೂ ಅಲ್ಲ. ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಇಮಿಪ್ರಮಿನ್ ಎಂಬ ಔಷಧ ಖಿನ್ನತೆಯನ್ನು ತಗ್ಗಿಸುತ್ತದೆ ಎಂದು ವರದಿ ಮಾಡಿದ್ದು 1957ರಲ್ಲಿ. ಅದನ್ನು ನಿಲ್ಲಿಸಿದಾಗ ತೊಂದರೆಗಳು ಕಾಣಿಸುತ್ತವೆ ಎಂಬ ವರದಿಗಳು 1959ರಲ್ಲೇ ಬಂದವು. ಎಲ್ಲ ಮಾತ್ರೆಗಳೂ ಒಂದೇ ತರಹ ಕಾಡುವುದಿಲ್ಲ. ದೇಹದಿಂದ ಬೇಗ ಹೊರಹೋಗುವ ಪ್ಯಾರಾಕ್ಸಿಟಿನ್, ವೆನ್ಲಾಫ್ಯಾಕ್ಸಿನ್‌ಗಳ ಕಾಟ ಹೆಚ್ಚು. ಫ್ಲುಆಕ್ಸಿಟಿನ್ ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ಪದಾರ್ಥ ವಾರಗಟ್ಟಲೆ ಉಳಿಯುವುದರಿಂದ ಅದು ತಾನೇ ತಾನಾಗಿ ಮೆಲ್ಲಗೆ ಇಳಿಯುತ್ತದೆ. ತೊಂದರೆ ಬಂದರೂ ತಡವಾಗಿ ಬರುತ್ತದೆ.

ಈಗ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಿದ್ದೆಗೇಡು, ಕಳವಳ, ಬೆವರು, ಸಿಡುಕು, ಕುಸಿದ ಮನಸ್ಸು ಎರಡರಲ್ಲೂ ಇವೆ. ಮೂರನೆಯದಾಗಿ, ಖಿನ್ನತೆಯೇ ಮರಳಿ ಬಂದಾಗಲೂ ಇವೇ ಕಾಣುತ್ತವೆ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಕುಡಿತ ಬಿಟ್ಟ ಮೂರನೆಯ ತಿಂಗಳಲ್ಲಿ ಒಬ್ಬಾತ ಮಾತ್ರೆ ನಿಲ್ಲಿಸಿ ಐದನೆಯ ದಿನ ನಿದ್ದೆ ಇಲ್ಲದೆ, ನಡುಗುತ್ತ, ಅಳುತ್ತ ಕೂತಿದ್ದರೆ ಆತನಿಗೆ ಆಗುತ್ತಿರುವುದೇನು? ಮನೆಯವರು ನೋಡಿದರೆ ಕದ್ದು ಕುಡಿದುಬಿಟ್ಟಿದ್ದಾನೆ ಎಂಬ ಅನುಮಾನ. ಶಿಬಿರದ ಗೆಳೆಯರು ನೋಡಿದರೆ ಕುಡಿತದ ಸೆಳೆತ ಮತ್ತೆ ಏಳುತ್ತಿದೆ ಎಂಬ ತೀರ್ಮಾನ. ಅವಸರದಲ್ಲಿರುವ ಡಾಕ್ಟರು ನೋಡಿದರೆ ಖಿನ್ನತೆ ಮರುಕಳಿಸಿದೆ, ಮಾತ್ರೆ ಜೀವನಪರ್ಯಂತ ಬೇಕು ಎಂಬ ನಿರ್ಧಾರ. ಆತನಿಗೇ ಅನ್ನಿಸುವುದು ಇವೆಲ್ಲಕ್ಕಿಂತ ಘೋರ: ಕುಡಿಯದೆ ಇದ್ದರೆ ನಾನು ಹೀಗೇ, ಇದೇ ನನ್ನ ನಿಜವಾದ ಸ್ಥಿತಿ, ಇದನ್ನು ಹೊತ್ತು ಬದುಕಲು ಸಾಧ್ಯವಿಲ್ಲ. ಈ ನಾಲ್ಕು ಓದುಗಳೂ ತಪ್ಪಾಗಿರಬಹುದು, ಮತ್ತು ಪ್ರತಿಯೊಂದು ತಪ್ಪು ಓದಿಗೂ ಅದರದೇ ಆದ ಹಾನಿ ಇದೆ. ಮೊದಲನೆಯದು ನಂಬಿಕೆ ಕೆಡಿಸುತ್ತದೆ, ಎರಡನೆಯದು ಮದ್ದಿನ ಸಮಸ್ಯೆಗೆ ಬುದ್ಧಿವಾದ ಕೊಡುತ್ತದೆ, ಮೂರನೆಯದು ಬೇಕಿಲ್ಲದವನಿಗೂ ಮಾತ್ರೆಯನ್ನು ಶಾಶ್ವತ ಮಾಡುತ್ತದೆ, ನಾಲ್ಕನೆಯದು ಬಾಟಲಿಗೆ ಕೈ ಚಾಚಿಸುತ್ತದೆ.

ಇವುಗಳನ್ನು ಬಿಡಿಸಿ ನೋಡಲು ಪರೀಕ್ಷೆ, ಸ್ಕ್ಯಾನ್ ಏನೂ ಬೇಡ, ತಾರೀಖು ಬೇಕು. ಮಾತ್ರೆ ಬಿಟ್ಟ ತೊಂದರೆ ಸಾಮಾನ್ಯವಾಗಿ ಡೋಸ್ ಇಳಿದ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಹಿಂದೆ ಖಿನ್ನತೆಯಲ್ಲಿ ಎಂದೂ ಇರದ ದೈಹಿಕ ಲಕ್ಷಣಗಳು, ಅದರಲ್ಲೂ ತಲೆಸುತ್ತು ಮತ್ತು ಕರೆಂಟು ಹೊಡೆದಂಥ ಅನುಭವ, ಜೊತೆಗಿರುತ್ತವೆ. ಅದೇ ಮಾತ್ರೆಯನ್ನು ಮತ್ತೆ ಕೊಟ್ಟರೆ ಬಹುಮಂದಿಯಲ್ಲಿ ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಖಿನ್ನತೆ ಮರಳುವುದು ಹೀಗಲ್ಲ. ಅದು ವಾರಗಳ, ತಿಂಗಳುಗಳ ಅಂತರದಲ್ಲಿ ಮೆಲ್ಲಮೆಲ್ಲಗೆ ಆವರಿಸುತ್ತದೆ, ಮಾತ್ರೆ ಮತ್ತೆ ಶುರುಮಾಡಿದರೂ ಹಿಡಿತಕ್ಕೆ ಬರಲು ವಾರಗಳು ಬೇಕು. ಕುಡಿತದ ದೀರ್ಘ ಸಂಕಟ ಕೊನೆಯ ಪೆಗ್ಗಿನ ದಿನದಿಂದ ಲೆಕ್ಕವಾಗುತ್ತದೆ, ಅಲೆ ಅಲೆಯಾಗಿ ಬಂದರೂ ಒಟ್ಟಾರೆ ಇಳಿಮುಖವಾಗಿರುತ್ತದೆ. ಇಳಿಯುತ್ತಿದ್ದುದು ಒಮ್ಮೆಲೇ ಏರಿತೆಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಈ ವಾರ ಮಾತ್ರೆಯಲ್ಲಿ ಏನಾದರೂ ಬದಲಾಯಿತೇ ಎಂಬುದು. ಆದ್ದರಿಂದಲೇ ಎರಡೂ ಬದಲಾವಣೆಗಳು ಒಂದೇ ತಿಂಗಳಲ್ಲಿ ಆಗಬಾರದು. ಎರಡನ್ನೂ ಕಲೆಸಿಬಿಟ್ಟರೆ ನುರಿತ ಮನೋವೈದ್ಯರಿಗೂ ಯಾವುದು ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಮನೆಯ ಕ್ಯಾಲೆಂಡರಿನಲ್ಲಿ ಕೊನೆಯ ಕುಡಿತದ ದಿನ, ಡೋಸ್ ಬದಲಾದ ದಿನ, ನಿದ್ದೆ ಎಷ್ಟು ಗಂಟೆ ಬಂತು ಎಂದು ಗುರುತು ಹಾಕಿಟ್ಟ ಕುಟುಂಬ ಡಾಕ್ಟರಿಗೆ ಯಾವ ಲ್ಯಾಬಿನ ವರದಿಗಿಂತಲೂ ಹೆಚ್ಚು ಉಪಯುಕ್ತ ಮಾಹಿತಿ ಕೊಡುತ್ತದೆ.

ಅಪಾಯ ಇರುವುದು ಹೋಲಿಕೆಯಲ್ಲಿ ಮಾತ್ರ ಅಲ್ಲ, ಪರಿಹಾರ ಎಷ್ಟು ಹತ್ತಿರದಲ್ಲಿದೆ ಎಂಬುದರಲ್ಲೂ ಇದೆ. ನಿದ್ದೆಯಿಲ್ಲದ ನಾಲ್ಕನೆಯ ರಾತ್ರಿ ಕಳವಳವನ್ನು ಅರ್ಧ ಗಂಟೆಯಲ್ಲಿ ಅಡಗಿಸುವ ವಸ್ತು ಯಾವುದೆಂದು ಈ ಮನುಷ್ಯನಿಗೆ ಇಪ್ಪತ್ತು ವರ್ಷಗಳಿಂದ ಗೊತ್ತು. ಅದು ಮುಂದಿನ ತಿರುವಿನಲ್ಲೇ ಸಿಗುತ್ತದೆ ಎಂಬುದೂ ಗೊತ್ತು. ಬೇರೆಯವರು ಮಾತ್ರೆ ಬಿಟ್ಟು ಎರಡು ವಾರ ನರಳಿ ಎದ್ದು ಬರಬಹುದು, ಇವನಿಗೆ ಆ ಎರಡು ವಾರ ಇಡೀ ಸಾಧನೆಯನ್ನೇ ಪಣಕ್ಕಿಟ್ಟಂತೆ. ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ತಂದ, ಕಳವಳ ತಗ್ಗಿಸುವ ಆಲ್‌ಪ್ರಜೋಲಾಮ್ ಮಾತ್ರೆ ಇನ್ನೊಂದು ಬಲೆ. ಅದು ಮಿದುಳಿನಲ್ಲಿ ಮದ್ಯ ಹಿಡಿಯುವ ದಾರಿಯನ್ನೇ ಹಿಡಿಯುತ್ತದೆ, ಬೇಗ ಅಭ್ಯಾಸವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸುತ್ತದೆ. ಕುಡಿತ ಬಿಟ್ಟವರಲ್ಲಿ ಇಂಥ ಮಾತ್ರೆಗಳಿಗೆ ಆಸ್ಪತ್ರೆಯ ಮೊದಲ ದಿನಗಳಲ್ಲಿ ಜಾಗವಿದೆ, ಮನೆಯ ದಿಂಬಿನ ಕೆಳಗೆ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ವೈದ್ಯಲೋಕದ ಒಳಗಿನದೇ: ಮಾತ್ರೆ ಬಿಟ್ಟಾಗಿನ ತೊಂದರೆಯನ್ನು ಅತಿಯಾಗಿ ಹೇಳಲಾಗುತ್ತಿದೆ, ಹೀಗೆ ಬರೆದು ಹೆದರಿಸಿದರೆ ಚಿಕಿತ್ಸೆ ಬೇಕಾದವರೂ ಓಡಿಹೋಗುತ್ತಾರೆ ಎಂಬುದು. ಈ ಆಕ್ಷೇಪಕ್ಕೆ ಆಧಾರವಿದೆ. ಬ್ರಿಟನ್ನಿನ ಜೇಮ್ಸ್ ಡೇವಿಸ್ ಮತ್ತು ಜಾನ್ ರೀಡ್ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ, ಮಾತ್ರೆ ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಎಂದರೆ ಶೇ 56ರಷ್ಟು ಮಂದಿಗೆ, ತೊಂದರೆಯಾಗುತ್ತದೆ ಎಂದು 2019ರಲ್ಲಿ ಪ್ರಕಟಿಸಿದರು. ಅದರಲ್ಲಿ ಆನ್‌ಲೈನ್ ಸಮೀಕ್ಷೆಗಳೂ ಸೇರಿದ್ದವು. ಕಷ್ಟಪಟ್ಟವರೇ ಹೆಚ್ಚಾಗಿ ಅಂಥ ಸಮೀಕ್ಷೆಗೆ ಉತ್ತರಿಸುತ್ತಾರೆ ಎಂಬ ಟೀಕೆ ನ್ಯಾಯವಾದದ್ದು. 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಜರ್ಮನಿಯ ಹೆನ್ಸ್ಲರ್ ಮತ್ತು ಸಂಗಡಿಗರ ವಿಶ್ಲೇಷಣೆಯಲ್ಲಿ ಮಾತ್ರೆ ಬಿಟ್ಟವರಲ್ಲಿ ಶೇ 31ರಷ್ಟು ಮಂದಿಗೆ ಲಕ್ಷಣಗಳಿದ್ದವು, ಆದರೆ ಬರೀ ಹುಸಿ ಮಾತ್ರೆ ಬಿಟ್ಟವರಲ್ಲೂ ಶೇ 17ರಷ್ಟು ಮಂದಿಗೆ ಇದ್ದವು. ಅಂದರೆ ಔಷಧಕ್ಕೇ ಹೊರಿಸಬಹುದಾದದ್ದು ಸುಮಾರು ಆರೇಳು ಜನರಲ್ಲಿ ಒಬ್ಬರಿಗೆ, ತೀವ್ರ ತೊಂದರೆ ಸುಮಾರು 35ರಲ್ಲಿ ಒಬ್ಬರಿಗೆ. ಈ ಎರಡನೆಯ ವಿಶ್ಲೇಷಣೆಯ ಅಂಕಿಗಳನ್ನೇ ಒಪ್ಪೋಣ. ಆದರೂ ನನ್ನ ವಾದ ಸಡಿಲವಾಗುವುದಿಲ್ಲ. ಇಂಥ ಪ್ರಯೋಗಗಳಲ್ಲಿ ಹೆಚ್ಚಿನವರು ಮಾತ್ರೆ ತೆಗೆದುಕೊಂಡದ್ದು ವಾರಗಳು, ತಿಂಗಳುಗಳು. ನಮ್ಮ ನಡುವಿನ ಅನೇಕರು ವರ್ಷಗಟ್ಟಲೆ ತೆಗೆದುಕೊಂಡವರು. ಖಿನ್ನತೆಯ ಔಷಧಗಳ ಪ್ರಯೋಗಗಳಿಂದ ಕುಡಿತದ ತೊಂದರೆ ಇರುವವರನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ, ಹಾಗಾಗಿ ಇಲ್ಲಿ ನಾವು ಮಾತನಾಡುತ್ತಿರುವ ಜನ ಆ ಅಂಕಿಗಳೊಳಗೆ ಬಹುಪಾಲು ಇಲ್ಲವೇ ಇಲ್ಲ. ಆರೇಳರಲ್ಲಿ ಒಬ್ಬ ಎಂಬುದು ಸಾಮಾನ್ಯರಿಗೆ ಸಣ್ಣ ಅಪಾಯ. ಒಂದು ಜಾರುವಿಕೆಯಿಂದ ಕೆಲಸ, ಸಂಸಾರ, ಕೆಲವೊಮ್ಮೆ ಜೀವವೇ ಹೋಗಬಹುದಾದವನಿಗೆ ಅದು ಸಣ್ಣದಲ್ಲ. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2019ರಲ್ಲಿ ತನ್ನ ನಿಲುವನ್ನು ಬದಲಿಸಿ, ಕೆಲವರಲ್ಲಿ ಈ ತೊಂದರೆ ತೀವ್ರವೂ ದೀರ್ಘವೂ ಆಗಬಹುದೆಂದು ಒಪ್ಪಿಕೊಂಡಿತು. ಹೇಳಿದರೆ ಜನ ಹೆದರುತ್ತಾರೆ ಎಂಬ ಆತಂಕಕ್ಕೆ ಉತ್ತರ, ಹೇಳದೆ ಬಿಟ್ಟವರೇ ಹೆಚ್ಚು ಹೆದರುತ್ತಾರೆ ಎಂಬುದು. ಕಾರಣ ಗೊತ್ತಿಲ್ಲದ ಸಂಕಟದಷ್ಟು ದಿಗಿಲು ಬೇರೆ ಯಾವುದರಲ್ಲೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕುಡುಕನ ಖಿನ್ನತೆ ಕುಡಿತದಿಂದಲೇ ಬಂದದ್ದು, ಕುಡಿತ ಹೋದರೆ ಅದೂ ಹೋಗುತ್ತದೆ, ಹಾಗಿರುವಾಗ ಮಾತ್ರೆ ಏಕೆ ಮುಂದುವರಿಸಬೇಕು? ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶಕಿಟ್ 1988ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ ಇದಕ್ಕೆ ಬಲ ಕೊಡುತ್ತದೆ. ಕುಡಿತದ ಚಿಕಿತ್ಸೆಗೆ ದಾಖಲಾದ ಪುರುಷರಲ್ಲಿ ಶೇ 42ರಷ್ಟು ಮಂದಿಗೆ ಗಣನೀಯ ಖಿನ್ನತೆ ಇತ್ತು. ನಾಲ್ಕು ವಾರ ಕುಡಿಯದೆ ಇದ್ದ ಮೇಲೆ, ಖಿನ್ನತೆಗೆಂದು ಬೇರೆ ಔಷಧವಿಲ್ಲದೆಯೇ, ಆ ಪ್ರಮಾಣ ಶೇ 6ಕ್ಕೆ ಇಳಿಯಿತು. ಇದರಿಂದ ಕಲಿಯಬೇಕಾದ ಪಾಠ ದೊಡ್ಡದು: ಕುಡಿತ ಬಿಟ್ಟ ಮೊದಲ ವಾರದಲ್ಲೇ ಅವಸರದಿಂದ ಖಿನ್ನತೆಯ ಮಾತ್ರೆ ಶುರು ಮಾಡಬಾರದು, ಸಾಧ್ಯವಿದ್ದಲ್ಲಿ ಮೂರು ನಾಲ್ಕು ವಾರ ಕಾದು ನೋಡಬೇಕು. ಆದರೆ ಈಗಾಗಲೇ ಎರಡು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವನಿಗೆ ಈ ಅಧ್ಯಯನ ಥಟ್ಟನೆ ಬಿಡಲು ಅಪ್ಪಣೆ ಕೊಡುವುದಿಲ್ಲ. ಮಾತ್ರೆ ಬೇಕಿತ್ತೇ ಎಂಬುದು ಒಂದು ಪ್ರಶ್ನೆ, ಅದನ್ನು ಹೇಗೆ ಬಿಡುವುದು ಎಂಬುದು ಇನ್ನೊಂದು. ತಪ್ಪಾಗಿ ಕೊಟ್ಟ ಮಾತ್ರೆಗೂ ಮಿದುಳು ಹೊಂದಿಕೊಂಡೇ ಇರುತ್ತದೆ. ಇನ್ನು ಕುಡಿತ ನಿಂತ ಮೇಲೂ ಖಿನ್ನತೆ ಉಳಿಯುವವರು, ಕುಡಿತಕ್ಕೆ ಮೊದಲೇ ಖಿನ್ನತೆ ಇದ್ದವರು ಕಡಿಮೆಯೇನಿಲ್ಲ. ಅವರಿಗೆ ಚಿಕಿತ್ಸೆ ಕುಡಿತದ ವಿರುದ್ಧವೂ ಆಯುಧ. ಹೆಲೆನ್ ಪೆಟಿನಾಟಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಖಿನ್ನತೆ, ಕುಡಿತ ಎರಡೂ ಇದ್ದ 170 ಮಂದಿಯಲ್ಲಿ ಸರ್ಟ್ರಾಲಿನ್ ಜೊತೆಗೆ ಕುಡಿತದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್ ಪಡೆದ ಗುಂಪಿನ ಶೇ 54ರಷ್ಟು ಜನ ಪೂರ್ತಿ ಕುಡಿಯದೆ ಉಳಿದರು. ಒಂದೇ ಔಷಧ ಅಥವಾ ಹುಸಿ ಮಾತ್ರೆ ಪಡೆದ ಗುಂಪುಗಳಲ್ಲಿ ಅದು ಶೇ 21ರಿಂದ 28ರ ನಡುವೆ ಇತ್ತು. ಇಂಥವರ ಕೈಯಿಂದ ಮಾತ್ರೆ ಕಸಿದು ಅವರು ಶುದ್ಧರಾದರೆಂದು ಸಂತೋಷಪಡುವುದು ಕ್ರೂರವಾದ ತಪ್ಪು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ನೋವು: ಮಾತ್ರೆ ನುಂಗುತ್ತಿರುವವರೆಗೆ ನಾನು ನಿಜವಾಗಿ ಬಿಟ್ಟಂತೆ ಆಗುವುದಿಲ್ಲ ಎಂಬ ಭಾವ. ಬಿಟ್ಟಾಗ ತೊಂದರೆ ಕೊಡುವುದಾದರೆ ಇದೂ ಚಟವೇ ತಾನೇ ಎಂದು ಕೇಳುವವರಿದ್ದಾರೆ. ದೇಹ ಹೊಂದಿಕೊಳ್ಳುವುದು ಎರಡರಲ್ಲೂ ನಿಜ, ಅದನ್ನು ಮುಚ್ಚಿಡುವುದು ಬೇಡ. ಆದರೆ ಎಸ್ಸಿಟಲೋಪ್ರಾಮ್‌ಗಾಗಿ ಯಾರೂ ತಾಳಿ ಅಡ ಇಡುವುದಿಲ್ಲ, ನಾಲ್ಕು ಮಾತ್ರೆ ಹೆಚ್ಚಿಗೆ ನುಂಗಿ ಅಮಲು ಹುಡುಕುವುದಿಲ್ಲ, ಅದರ ಸಲುವಾಗಿ ಸುಳ್ಳು ಹೇಳಿ ಕೆಲಸ ಕಳೆದುಕೊಳ್ಳುವುದಿಲ್ಲ. ವ್ಯಸನವೆಂದರೆ ಹಾನಿ ಕಣ್ಣೆದುರಿಗಿದ್ದರೂ ತಡೆಯಲಾಗದೆ ಮತ್ತೆ ಮತ್ತೆ ಅದರ ಹಿಂದೆ ಓಡುವುದು. ಈ ಮಾತ್ರೆಗಳಲ್ಲಿ ಆ ಓಟವಿಲ್ಲ. 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್, ಕುಡಿತ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ತೀವ್ರ ಖಿನ್ನತೆಯಿಂದ ನರಳಿದರು. ಆ ಸಂಸ್ಥೆಯೇ ಔಷಧಗಳ ಬಗ್ಗೆ ಪ್ರಕಟಿಸಿರುವ ಕಿರುಹೊತ್ತಗೆಯಲ್ಲಿ ಸದಸ್ಯರು ಒಬ್ಬರಿಗೊಬ್ಬರು ಡಾಕ್ಟರಾಗಬಾರದು ಎಂಬ ಸ್ಪಷ್ಟ ಎಚ್ಚರಿಕೆ ಇದೆ. ಸಭೆಯಲ್ಲಿ ಯಾರಾದರೂ ಹಿರಿಯರು ಮಾತ್ರೆ ಬಿಡು ಎಂದರೆ ಅದು ಅವರ ಅಭಿಪ್ರಾಯ, ಸಂಸ್ಥೆಯದಲ್ಲ.

ಹಾಗಾದರೆ ಮಾತ್ರೆ ಬಿಡುವುದೇ ಬೇಡವೇ? ಬಿಡಬಹುದು, ಅನೇಕರು ಬಿಡಲೇಬೇಕು. ಬೇಡದ ಔಷಧ ವರ್ಷಗಟ್ಟಲೆ ಮುಂದುವರಿಯುವುದೂ ಒಳ್ಳೆಯದಲ್ಲ. ಪ್ರಶ್ನೆ ಯಾವಾಗ, ಹೇಗೆ ಎಂಬುದು. ಕುಡಿತ, ಹೆರಾಯಿನ್, ತಂಬಾಕು ಮೂರರಲ್ಲೂ ಜಾರುವವರಲ್ಲಿ ಬಹುಪಾಲು ಮಂದಿ ಜಾರುವುದು ಬಿಟ್ಟ ಮೊದಲ ಮೂರು ತಿಂಗಳಲ್ಲಿ ಎಂದು 1971ರಷ್ಟು ಹಿಂದೆಯೇ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಆ ಅವಧಿಯಲ್ಲಂತೂ ಮಾತ್ರೆಯ ಡೋಸ್ ಮುಟ್ಟಬಾರದು. ಖಿನ್ನತೆ ಪೂರ್ತಿ ತಗ್ಗಿದ ಮೇಲೂ ಕನಿಷ್ಠ ಆರು ತಿಂಗಳು, ಮತ್ತೆ ಮತ್ತೆ ಬಂದಿದ್ದವರಿಗೆ ಎರಡು ವರ್ಷ ಮಾತ್ರೆ ಮುಂದುವರಿಸುವ ಸಾಮಾನ್ಯ ರೂಢಿ ಇದೆ. ಕುಡಿತ ಬಿಟ್ಟವರಿಗೆ ಈ ಲೆಕ್ಕವನ್ನು ಕುಡಿತ ನಿಂತ ದಿನದಿಂದ ಶುರು ಮಾಡುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕುಡಿಯುತ್ತಿದ್ದಾಗ ಮಾತ್ರೆ ಎಷ್ಟು ಕೆಲಸ ಮಾಡಿತ್ತೆಂದು ಹೇಳುವುದೇ ಕಷ್ಟ. ಬ್ರಿಟನ್ನಿನಲ್ಲಿ 478 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವನ್ನೂ ಮುಂದಿಟ್ಟುಕೊಳ್ಳಬೇಕು. ಚೆನ್ನಾಗಿದ್ದು ಮಾತ್ರೆ ಬಿಟ್ಟವರಲ್ಲಿ ಶೇ 56ರಷ್ಟು ಮಂದಿಗೆ ಒಂದು ವರ್ಷದೊಳಗೆ ಖಿನ್ನತೆ ಮರಳಿತು, ಮುಂದುವರಿಸಿದವರಲ್ಲೂ ಶೇ 39ರಷ್ಟು ಮಂದಿಗೆ ಮರಳಿತು. ಮಾತ್ರೆ ಪೂರ್ಣ ರಕ್ಷಣೆಯಲ್ಲ, ಬಿಡುವುದು ಖಚಿತ ಸೋಲೂ ಅಲ್ಲ.

ಇಳಿಸುವ ವಿಧಾನದ ಬಗ್ಗೆ ಕಳೆದ ಕೆಲವು ವರ್ಷಗಳಲ್ಲಿ ತಿಳಿವಳಿಕೆ ಬಹಳ ಬದಲಾಗಿದೆ. ಈ ಮಾತ್ರೆಗಳನ್ನು ಬಿಡಲು ಹೋಗಿ ಸ್ವತಃ ಕಷ್ಟಪಟ್ಟ ಮನೋವೈದ್ಯ ಮಾರ್ಕ್ ಹೊರೊವಿಟ್ಸ್, ಡೇವಿಡ್ ಟೇಲರ್ ಜೊತೆ ಸೇರಿ 2019ರಲ್ಲಿ ಬರೆದ ಲೇಖನ ಇದಕ್ಕೆ ತಿರುವು ಕೊಟ್ಟಿತು. ಮಿದುಳಿನ ಸ್ಕ್ಯಾನ್ ಅಧ್ಯಯನಗಳ ಪ್ರಕಾರ 20 ಮಿಲಿಗ್ರಾಂ ಸಿಟಲೋಪ್ರಾಮ್ ತಾನು ಹಿಡಿಯಬೇಕಾದ ಸೆರೊಟೋನಿನ್ ಜಾಗಗಳಲ್ಲಿ ಸುಮಾರು ಶೇ 80ರಷ್ಟನ್ನು ಹಿಡಿದಿರುತ್ತದೆ. ಡೋಸನ್ನು ಕಾಲು ಭಾಗಕ್ಕೆ, ಐದು ಮಿಲಿಗ್ರಾಂ ಆಸುಪಾಸಿಗೆ ಇಳಿಸಿದರೂ ಹಿಡಿತ ಇನ್ನೂ ಶೇ 60ರ ಹತ್ತಿರವೇ ಇರುತ್ತದೆ. ಅಲ್ಲಿಂದ ಸೊನ್ನೆಗೆ ಹೋದರೆ ಉಳಿದಷ್ಟೂ ಒಮ್ಮೆಗೇ ಕುಸಿಯುತ್ತದೆ. ತೀರ್ಥಹಳ್ಳಿ ಕಡೆಯಿಂದ ಆಗುಂಬೆಗೆ ಬರುವಾಗ ರಸ್ತೆ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ, ಊರು ದಾಟಿದ ಮೇಲೆ ಒಮ್ಮೆಲೇ ಘಾಟಿ ಕೆಳಗಿಳಿಯುತ್ತದೆ. ಈ ಮಾತ್ರೆಗಳ ಇಳಿಜಾರೂ ಹಾಗೇ. ಮೊದಲ ಅರ್ಧ ಕಡಿಮೆ ಮಾಡಿದಾಗ ಏನೂ ಆಗಲಿಲ್ಲವೆಂದು ಧೈರ್ಯದಿಂದ ಉಳಿದರ್ಧ ಬಿಟ್ಟವರಿಗೆ ಪೆಟ್ಟು ಬೀಳುವುದು ಇದೇ ಕಾರಣಕ್ಕೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ ಹಿಂದಿನ ಡೋಸಿನ ಒಂದು ಪಾಲನ್ನು ಮಾತ್ರ ಇಳಿಸುತ್ತ, ಡೋಸ್ ಸಣ್ಣದಾದಂತೆ ಹೆಜ್ಜೆಯನ್ನೂ ಸಣ್ಣದು ಮಾಡಲು ಹೇಳುತ್ತದೆ. ಒಂದು ಹೆಜ್ಜೆಯ ತೊಂದರೆ ಅಡಗಿದ ಮೇಲೆಯೇ ಮುಂದಿನದು. ನಮ್ಮಲ್ಲಿ ಬಹಳ ಜನ ಮಾಡುವಂತೆ ದಿನ ಬಿಟ್ಟು ದಿನ ನುಂಗುವುದು ಇಳಿಸುವ ದಾರಿಯಲ್ಲ. ಬೇಗ ಹೊರಹೋಗುವ ಔಷಧಗಳಲ್ಲಿ ಅದು ಒಂದು ದಿನ ಏರಿಸಿ ಇನ್ನೊಂದು ದಿನ ಬೀಳಿಸುತ್ತದೆ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಮನೆಯಲ್ಲಿ ಪುಡಿ ಮಾಡಬಾರದು. ದ್ರವರೂಪದ ಔಷಧ, ಸಣ್ಣ ಡೋಸಿನ ಮಾತ್ರೆ, ಇಲ್ಲವೇ ನಿಧಾನವಾಗಿ ಹೊರಹೋಗುವ ಬೇರೆ ಔಷಧಕ್ಕೆ ಬದಲಾಯಿಸುವುದು, ಇವುಗಳಲ್ಲಿ ಯಾವುದು ಸಿಗುತ್ತದೆ, ಯಾವುದು ಸರಿ ಎಂದು ಮನೋವೈದ್ಯರು ನೋಡಬೇಕು. ಯಾವ ಔಷಧ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಬ್ಯುಪ್ರೋಪಿಯಾನ್ ಫಿಟ್ಸ್ ತರಿಸಬಹುದಾದ್ದರಿಂದ ಕುಡಿತ ಥಟ್ಟನೆ ನಿಲ್ಲಿಸುವ ಹೊತ್ತಿನಲ್ಲಿ ಅದು ಸಲ್ಲದು, ವಿಪರೀತ ಕುಡಿಯುವವರಿಗೆ ಡುಲಾಕ್ಸಿಟಿನ್ ಯಕೃತ್ತಿಗೆ ಅಪಾಯ. ಕುಡಿತದ ವಿಷಯ ಮುಚ್ಚಿಟ್ಟು ಖಿನ್ನತೆಗೆ ಮಾತ್ರ ಔಷಧ ಕೇಳುವುದು ಆದ್ದರಿಂದ ಎರಡು ಪಟ್ಟು ಅಪಾಯಕಾರಿ.

ಡೋಸ್ ಇಳಿಸುವ ವಾರಗಳಲ್ಲಿ ಮನೆ ಮಾಡಬಹುದಾದದ್ದು ಬಹಳ ಇದೆ. ಮನೆ ಕಟ್ಟಿಸುವಾಗ, ಮಗಳ ಮದುವೆಯ ತಿಂಗಳಲ್ಲಿ, ಊರ ಜಾತ್ರೆಯ ಹೊತ್ತಿನಲ್ಲಿ ಡೋಸ್ ಇಳಿಸಬಾರದು. ಕಾಫಿ ಕಡಿಮೆ ಮಾಡಿ, ಊಟ ನಿದ್ದೆಗೆ ಹೊತ್ತು ಕಟ್ಟಿ, ಸಂಜೆ ಹೊತ್ತು ಒಂಟಿಯಾಗಿ ಬಿಡದೆ ಇರುವುದು ಸಣ್ಣ ಮಾತಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ನಂತರ ಊರುಗಳಲ್ಲಿ ನಡೆಯುವ ನವಜೀವನ ಸಮಿತಿಗಳಂಥ ಗುಂಪುಗಳಿಗೆ ಈ ಕೆಲಸದಲ್ಲಿ ದೊಡ್ಡ ಪಾತ್ರವಿದೆ, ಏಕೆಂದರೆ ಡಾಕ್ಟರು ತಿಂಗಳಿಗೊಮ್ಮೆ ನೋಡುವುದನ್ನು ಅವು ವಾರ ವಾರ ನೋಡಬಲ್ಲವು. ಆ ಗುಂಪಿಗೆ ಮಾತ್ರೆಯ ವಿಷಯವೂ ಗೊತ್ತಿರಬೇಕು, ಅದನ್ನು ನಾಚಿಕೆಯಿಲ್ಲದೆ ಹೇಳುವ ವಾತಾವರಣವೂ ಇರಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಅಡಿಯಲ್ಲಿ ಕುಡಿತದಿಂದ ಉಂಟಾಗುವ ಮಾನಸಿಕ ತೊಂದರೆಗಳೂ ಸೇರುತ್ತವೆ. ಆದ್ದರಿಂದ ವ್ಯಸನಮುಕ್ತಿ ಕೇಂದ್ರಗಳಿಂದ ಹೊರಡುವಾಗ ಕೊಡುವ ಚೀಟಿಯಲ್ಲಿ ಮೂರು ಸಾಲು ಬರೆಸಿಕೊಳ್ಳುವುದು ಕುಟುಂಬದ ನ್ಯಾಯವಾದ ಬೇಡಿಕೆ: ಈ ಮಾತ್ರೆ ಏತಕ್ಕೆ, ಎಷ್ಟು ಕಾಲಕ್ಕೆ, ಬಿಡುವಾಗ ಯಾರನ್ನು ಕಾಣಬೇಕು.

ಈಗಾಗಲೇ ಥಟ್ಟನೆ ಬಿಟ್ಟುಬಿಟ್ಟವರ ವಿಷಯ ಉಳಿಯಿತು. ಬಿಟ್ಟು ಕೆಲವೇ ದಿನಗಳಾಗಿ ತಲೆಸುತ್ತು, ಕಳವಳ ಶುರುವಾಗಿದ್ದರೆ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿ, ಅವರು ಹೇಳಿದಂತೆ ಮತ್ತೆ ಶುರು ಮಾಡಿದರೆ ಸಾಮಾನ್ಯವಾಗಿ ತಹಬಂದಿಗೆ ಬರುತ್ತದೆ. ಆಮೇಲೆ ನಿಧಾನವಾಗಿ ಇಳಿಸಬಹುದು, ಇದರಲ್ಲಿ ಸೋಲೇನೂ ಇಲ್ಲ. ಬಿಟ್ಟು ತಿಂಗಳುಗಳೇ ಆಗಿದ್ದರೆ ಹಳೆಯ ಪೂರ್ತಿ ಡೋಸನ್ನು ತಾವೇ ಒಮ್ಮೆಲೇ ನುಂಗಬಾರದು. ನಡುವೆ ಕುಡಿದಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು, ಏಕೆಂದರೆ ಆಗ ಮೊದಲು ನೋಡಬೇಕಾದದ್ದು ಕುಡಿತ ನಿಂತಾಗಿನ ಫಿಟ್ಸ್, ಸನ್ನಿಯ ಅಪಾಯ. ಸಾಯುವ ಯೋಚನೆ ಬಂದರೆ, ಫಿಟ್ಸ್ ಬಂದರೆ, ಗಲಿಬಿಲಿಗೊಂಡು ಇಲ್ಲದ್ದನ್ನು ಕಂಡಂತೆ ಮಾತಾಡಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮನೋವೈದ್ಯರು ದೂರವಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ತಾಲ್ಲೂಕು ಆಸ್ಪತ್ರೆ ನಿಮ್ಮ ಹತ್ತಿರ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ಖಾಲಿಯಾದ ಸ್ಟ್ರಿಪ್ಪನ್ನೂ ಹಳೆಯ ಚೀಟಿಯನ್ನೂ ತೆಗೆದುಕೊಂಡು ಹೋಗಿ.